ಪುಟ್ಟ ಉಗಿಬಂಡಿಯ ದಾರಿಗೆ ಬೇಕಾದ ಉಪಕರಣಗಳು

ಪ್ರತಿಕೃತಿಯನ್ನು ಮಾಡಬೇಕೆಂಬ ಆಸೆ ಮನುಷ್ಯನಿಗೆ ಇಂದು ನಿನ್ನೆ ಹುಟ್ಟಿದುದಲ್ಲ. ಕುದುರೆಯ ಬೊಂಬೆಗೆ ‘ಅಶ್ವಕ’ವೆಂದು ಹೆಸರಾಗಲೆಂದು ಪಾಣಿನಿಮಹರ್ಷಿಗಳು ಒಂದು ಪ್ರತ್ಯಯವನ್ನೇ ವಿಧಿಸಿರುವರು. ಶೂದ್ರಕ ಕವಿಯ ‘ಮೃಚ್ಛಕಟಿಕ’ವೆಂಬ ರೂಪಕಕ್ಕೆ ಆ ಹೆಸರು ಬಂದುದು ಮಗುವೊಂದು ಆಡುವ ಮಣ್ಣಿನ ಬಂಡಿಯಿಂದ. ನೆರೆಮನೆಯ ಹುಡುಗನ ಚಿನ್ನದ ಬಂಡಿಯನ್ನು ಕಂಡ ಚಾರುದತ್ತನ ಮಗನು ತನಗೆ ಮಣ್ಣಿನದು ಬೇಡವೆಂದು ಅಳುವ ಪ್ರಸಂಗವು ಅದನ್ನು ಓದಿದವರಿಗೆಲ್ಲ ನೆನಪಿರುವುದಷ್ಟೆ. ಈಗ ಆ ಬಂಡಿಯ ಸ್ಥಾನಕ್ಕೆ ರೈಲುಬಂಡಿ ಬಂದಿದೆ. ಅದಕ್ಕಾಗಿ ಹಂಬಲಿಸುವವರು ಹುಡುಗರು ಮಾತ್ರವಲ್ಲ, ತಿಂಗಳಿಗೊಮ್ಮೆ ಸಂಬಳ ತರುವ ಗೃಹಸ್ಥರೂ ಆಗಿರುವರು.

ನಿಜವಾದ ರೈಲುದಾರಿಯನ್ನು ಒಂದು ಗೊತ್ತಾದ ಪ್ರಮಾಣದಲ್ಲಿ ಕಿರಿದು ಮಾಡಿ, ಮನೆಯ ಹಲಗೆಯ ಮೇಲೆ ಹಳಿ, ನಿಲ್ದಾಣ, ಗುಡ್ಡ, ಸೇತುವೆಗಳೊಡನೆ ನಿರ್ಮಿಸುವ ಹವ್ಯಾಸವು ಯುರೋಪು ಅಮೆರಿಕಗಳಲ್ಲಿ ಬಹುಕಾಲದಿಂದ ಬೇರೂರಿದೆ. ಜರ್ಮನಿಯ ಮ್ಯಾರ್ಕ್ಲಿನ್ ಸಂಸ್ಥೆಯವರು ೧೮೯೧ರಲ್ಲಿ ಲೈಪ್ಸಿಗ್ ನಗರದ ಜಾತ್ರೆಯಲ್ಲಿ ಗೊತ್ತಾದ ಅಳತೆಯ ಹಳಿಗಳ ಆಟದ ರೈಲನ್ನು ಜನರ ಮುಂದಿಟ್ಟರು. ೧೯೩೫ರಲ್ಲಿ ಅಮೆರಿಕದ ಹವ್ಯಾಸಿಗಳು ತಮ್ಮದೊಂದು ರಾಷ್ಟ್ರೀಯ ಸಂಘವನ್ನೇ ಕಟ್ಟಿಕೊಂಡು, ಒಬ್ಬರ ಗಾಡಿಯು ಇನ್ನೊಬ್ಬರ ಹಳಿಯ ಮೇಲೆ ಓಡುವಂತೆ ಅಳತೆಗಳನ್ನು ನಿಷ್ಕರ್ಷೆ ಮಾಡಿದರು. ನಮ್ಮ ನೆರೆಯ ಪುಣೆಯಲ್ಲಿ ೧೯೯೮ರಲ್ಲಿ ಶ್ರೀ ಭಾವೂಸಾಹೇಬ ಜೋಶಿಯವರ ಕಿರುರೈಲಿನ ವಸ್ತುಸಂಗ್ರಹಾಲಯವು ತೆರೆಯಿತು. ಪುಣೆಗೆ ಹೋಗುವ ವಾಚಕರು ಮಕ್ಕಳನ್ನು ಕರೆದುಕೊಂಡು ಅವಶ್ಯವಾಗಿ ನೋಡತಕ್ಕ ಸ್ಥಳವದು.

ಕೊಪ್ಪಳ ಸೀಮೆಯವರಾದ ನಮಗೆ ಈ ವಿಷಯದಲ್ಲಿ ವಿಶೇಷವಾದ ಹಕ್ಕಿದೆಯೆಂದು ಹೇಳಿದರೆ ಅದು ಬರಿಯ ಅಭಿಮಾನದ ಮಾತಾಗದು. ಕೊಪ್ಪಳಕ್ಕೆ ಸಮೀಪದ ಕಿನ್ನಾಳವು ಮರದ ಬೊಂಬೆಗಳಿಗೆ ಹೆಸರಾದ ಗ್ರಾಮ. ಅಲ್ಲಿಯ ಚಿತ್ರಗಾರರ ಕೆಲಸಕ್ಕೆ ಭೌಗೋಳಿಕ ಸೂಚಕವೆಂಬ ಸರಕಾರದ ಮುದ್ರೆಯೂ ದೊರೆತಿದೆ. ಕೊಪ್ಪಳದಿಂದ ಗದಗಿನ ಕಡೆಗೆ ಹೋಗುವಾಗ ಸಿಕ್ಕುವ ಭಾನಾಪುರದಲ್ಲಿ ೪೦೦ ಎಕರೆಯ ಆಟಿಕೆಗಳ ಕೈಗಾರಿಕಾ ಪ್ರದೇಶಕ್ಕೆ ೨೦೨೧ರ ಜನವರಿಯಲ್ಲಿ ಶಂಕುಸ್ಥಾಪನೆಯಾಯಿತು. ರೈಲಿನ ಮಾತಂತೂ ಕೇಳಬೇಕಾದುದಿಲ್ಲ. ಗಂಗಾವತಿಯವರು ೨೦೧೯ರಲ್ಲಿ ತಮ್ಮೂರಿನಲ್ಲಿಯೇ ಗಾಡಿಯನ್ನು ಕಂಡರು. ತಳಕಲ್ಲಿನಿಂದ ಕುಕನೂರು, ಯಲಬುರ್ಗಾಗಳ ಮೇಲೆ ಹಾಯ್ದು ಬರುವ ಹೊಸ ದಾರಿಯಲ್ಲಿ ೨೦೨೫ರ ಮೇ ತಿಂಗಳಲ್ಲಿ ಕುಷ್ಟಗಿಗೂ ಗಾಡಿ ಬಂದಿತು. ಆ ದಿನಗಳಲ್ಲಿ ಕುಷ್ಟಗಿಯ ನಿಲ್ದಾಣಕ್ಕೆ ಟಿಕೀಟಿಗಾಗಿ ಬಂದವರಿಗಿಂತ ಇಂಜಿನ್ನನ್ನು ನೋಡಲು ಬಂದವರೇ ಹೆಚ್ಚೆಂದು ನಮಗೆ ತೋರಿತು.

ಆದರೆ ಈ ಹೊಸ ಗಾಡಿಗಳ ಸಂಭ್ರಮದಲ್ಲಿ ಒಂದು ಹಳೆಯ ವಸ್ತುವು ಕಣ್ಮರೆಯಾಗಿದೆ. ೧೮೮೨ರಲ್ಲಿ ಸ್ಥಾಪಿತವಾದ ದಕ್ಷಿಣ ಮರಾಠಾ ರೈಲ್ವೆ ಕಂಪನಿಯವರು ಆ ದಶಕದಲ್ಲಿಯೇ ಬಳ್ಳಾರಿ ಹೊಸಪೇಟೆಗಳಿಂದ ತುಂಗಭದ್ರೆಯನ್ನು ದಾಟಿಸಿ, ಕೊಪ್ಪಳದ ಮೇಲೆ ಗದಗ ಹುಬ್ಬಳ್ಳಿಗಳಿಗೆ ಹಾಕಿದ ದಾರಿಯು ಮೀಟರ್ ಗೇಜಿನದು. ಅಂದರೆ ಎರಡು ಹಳಿಗಳ ನಡುವೆ ಒಂದೇ ಮೀಟರಿನ ಅಂತರವುಳ್ಳದ್ದು. ನೂರು ವರುಷಕ್ಕೂ ಮೇಲ್ಪಟ್ಟು ಈ ಸೀಮೆಯವರ ಮದುವೆ, ಮುಂಜಿವೆ, ಜಾತ್ರೆ, ದವಾಖಾನೆಗಳಿಗೆಲ್ಲ ಒದಗಿದ ಆ ಚಿಕ್ಕ ದಾರಿಯನ್ನು ೧೯೯೦ರ ದಶಕದಲ್ಲಿ ಕಿತ್ತು ಬ್ರಾಡ್ ಗೇಜಿಗೆ ಮಾರ್ಪಡಿಸಿದರು. ಮಾರ್ಪಡಿಸಿದ್ದು ಯುಕ್ತವೇ ಸರಿ. ಆದರೆ ಮೂವತ್ತರ ಒಳಗಿನ ಮಕ್ಕಳಿಗೆ ಆ ಪುಟ್ಟ ಗಾಡಿಯ ರೂಪವು ತಿಳಿಯದು. ಮೈಸೂರಿನಲ್ಲಿ ೧೯೭೯ರಿಂದ ಇರುವ ರೈಲು ವಸ್ತುಸಂಗ್ರಹಾಲಯಕ್ಕೆ ಹೋದರೆ ಮೀಟರ್ ಗೇಜಿನ ಇಂಜಿನ್ನುಗಳನ್ನು ಕಾಣಬಹುದು. ನಮ್ಮ ನಿಲ್ದಾಣದಲ್ಲಿ ಅದು ಹೇಗೆ ನಿಂತಿತ್ತೆಂಬುದನ್ನು ಮಾತ್ರ ಅಲ್ಲಿ ಕಾಣಲಾಗದು.

ಈ ಲೇಖನಕ್ಕೆ ಕಾರಣರಾದವರು ಗಂಗಾವತಿಯ ಅಕ್ಕಿಯ ಗಿರಣಿಯೊಂದರಲ್ಲಿ ಲೆಕ್ಕ ಬರೆಯುವ ನಮ್ಮ ಹಳೆಯ ವಿದ್ಯಾರ್ಥಿಗಳೊಬ್ಬರು. ಅವರ ತಂದೆಯವರು ಮೀಟರ್ ಗೇಜಿನ ಕಾಲದಲ್ಲಿ ಈ ದಾರಿಯ ಮೇಲೆ ಗ್ಯಾಂಗ್‌ಮನ್ ಆಗಿ ದುಡಿದವರು. ಈಗ ಎಂಬತ್ತು ದಾಟಿ ಗ್ಲಾಕೋಮದಿಂದ ದೃಷ್ಟಿಯನ್ನು ಕಳೆದುಕೊಂಡಿದ್ದಾರೆ. ಕೊಪ್ಪಳದ ಹಳೆಯ ನಿಲ್ದಾಣವನ್ನೂ ಅದರ ಎರಡು ಕಡೆಯ ತುಸು ದಾರಿಯನ್ನೂ ಒಂದು ಹಲಗೆಯ ಮೇಲೆ ಕಟ್ಟಿ, ತಂದೆಯವರು ಬೆರಳಿನಿಂದ ಮುಟ್ಟಿ ನೋಡುವಂತೆ ಮಾಡಬೇಕೆಂಬುದು ಮಗನ ಸಂಕಲ್ಪ. ಸಂಕಲ್ಪವು ಶ್ಲಾಘ್ಯವಾದುದು. ಆದರೆ ಅವರು ನಮ್ಮಲ್ಲಿಗೆ ತಂದ ಕಾಗದದಲ್ಲಿ ೩೧ ಉಪಕರಣಗಳ ಹೆಸರಿದ್ದುವು. ಅವೆಲ್ಲವೂ ಒಂದು ಅಂದವಾದ ಪೆಟ್ಟಿಗೆಯಲ್ಲಿ ಅಂಚೆಯ ಮೂಲಕ ಬರತಕ್ಕವು. ಬೆಲೆಯು ಮಗಳ ಅರ್ಧ ವರುಷದ ಶಾಲೆಯ ಫೀಗೆ ಸಮನಾಗಿದ್ದಿತು. ಅವರ ಪತ್ನಿಯವರು ಚಹದ ಬಟ್ಟಲನ್ನು ನಮ್ಮ ಮುಂದಿಡುತ್ತ, “ಗುರುಗಳ, ಮಗಳ ಸಾಲಿ ಫೀ ಇನ್ನೂ ಕಟ್ಟಿಲ್ಲರಿ. ಇವರು ಇಕ್ಕಳದ ಪೆಟಿಗಿ ತರಸ್ತೇನಂತಾರ. ಮಾವನವರಿಗೆ ಬ್ಯಾಡಂತ ನಾ ಅನ್ನಂಗಿಲ್ಲ, ಹೌದಂತ ಹೆಂಗ ಅನ್ನಲಿ?” ಎಂದರು. ಈ ಪ್ರಶ್ನೆಗೆ ಉತ್ತರ ಹುಡುಕುವುದಕ್ಕಾಗಿಯೇ ನಾವು ಆ ಪಟ್ಟಿಯನ್ನು ಕೈಯಲ್ಲಿ ಹಿಡಿದು ಒಂದೊಂದನ್ನೇ ವಿಚಾರಿಸತೊಡಗಿದೆವು.

ವಿಚಾರಿಸಿದಾಗ ಮೊದಲು ತಿಳಿದುಬಂದ ಸಂಗತಿಯೆಂದರೆ, ‘ಕಿರುರೈಲಿನ ವಿಶೇಷ ಉಪಕರಣ’ಗಳೆಂದು ಮಾರುವ ವಸ್ತುಗಳಲ್ಲಿ ಬಹುಪಾಲು ವಿಶೇಷವೇ ಅಲ್ಲ. ಅವು ಬೇರೆ ಬೇರೆ ಕಸುಬುಗಳವರು ತಲೆತಲಾಂತರದಿಂದ ಬಳಸುತ್ತ ಬಂದ ಸಾಮಾನುಗಳು. ಹೆಸರು ಬದಲಾದೊಡನೆ ಬೆಲೆಯು ಮೂರು ಪಾಲಾಗುತ್ತದೆ. ಪತ್ತಾರರ ಅಂಗಡಿಗೆ ಸಾಮಾನು ಒದಗಿಸುವವರಲ್ಲಿ ಸೂಜಿಯಂತಹ ಸಣ್ಣ ಅರಗಳು, ನೂಲಿನಷ್ಟು ತೆಳುವಾದ ಅಲಗಿನ ಗರಗಸ, ಚೂಪಾದ ಚಿಮಟ, ಕಣ್ಣಿಗೆ ಹಚ್ಚುವ ಭೂತಗನ್ನಡಿ ಇವೆಲ್ಲ ದೊರೆಯುತ್ತವೆ. ಗಡಿಯಾರ ದುರಸ್ತಿ ಮಾಡುವವರು ಕೂದಲಿನಂತಹ ತಿರುಪುಗಳಿಗೆ ಹೊಂದುವ ತಿರುಪುಳಿಗಳನ್ನು ಇಟ್ಟಿರುವರು. ಮೊಬೈಲ್ ರಿಪೇರಿಯ ಅಂಗಡಿಯಿಲ್ಲದ ಊರು ಈಗ ನಮ್ಮ ಏಳು ತಾಲೂಕುಗಳಲ್ಲಿಯೂ ಇಲ್ಲ. ಬೆಸುಗೆಯ ಕಡ್ಡಿ, ಬೆಸುಗೆಯ ತಂತಿ, ರಾಳ, ತಂತಿ ಕತ್ತರಿಸುವ ಚಪ್ಪಟೆ ಬಾಯಿಯ ಸಣ್ಣ ಇಕ್ಕಳ ಇವು ಅವರ ನಿತ್ಯದ ಬಳಕೆಯವು. ಬಡಗಿಯವರಲ್ಲಿ ಮೂಲೆಮಟ್ಟವೂ ಉಪ್ಪುಕಾಗದವೂ ಇವೆ. ಈ ಉಪ್ಪುಕಾಗದದಲ್ಲಿ ಉಪ್ಪಿಲ್ಲವೆಂಬುದು ಬೇರೆ ಮಾತು.

ಹಾಗಾದರೆ ನಿಜವಾಗಿ ವಿಶೇಷವಾದುದು ಯಾವುದು? ಅಳತೆಯ ಉಪಕರಣವೊಂದೇ ಎಂಬುದು ನಮ್ಮ ಅಭಿಪ್ರಾಯ. ಇದನ್ನು ತುಸು ವಿಸ್ತಾರವಾಗಿ ಹೇಳಬೇಕಾಗಿದೆ. ಗಣಿತವೆಂದೊಡನೆ ವಾಚಕರು ಪುಟವನ್ನು ಮಗುಚಬಾರದಾಗಿ ವಿನಂತಿ.

ಕಿರುರೈಲುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಪ್ರಚಾರದಲ್ಲಿರುವ ಪ್ರಮಾಣವು ‘ಎಚ್.ಓ.’ ಎಂಬುದು, ಅಂದರೆ ೧:೮೭. ನಿಜವಾದ ಗಾಡಿಯ ೮೭ ಮಿಲಿಮೀಟರು ಇಲ್ಲಿ ಒಂದು ಮಿಲಿಮೀಟರಾಗುತ್ತದೆ. ಮಾರಾಟಕ್ಕಿರುವ ಎಚ್.ಓ. ಹಳಿಗಳ ಅಂತರ ೧೬.೫ ಮಿ.ಮೀ. ಇದನ್ನು ೮೭ರಿಂದ ಗುಣಿಸಿದರೆ ಸುಮಾರು ೧೪೩೫ ಬರುತ್ತದೆ. ಯುರೋಪು ಅಮೆರಿಕಗಳ ರೈಲುದಾರಿಗಳ ಅಂತರವು ಅದೇ. ನಮ್ಮ ದೇಶದ ಬ್ರಾಡ್ ಗೇಜಾದರೋ ೧೬೭೬ ಮಿ.ಮೀ. ಅದನ್ನು ೮೭ರಿಂದ ಭಾಗಿಸಿದರೆ ೧೯.೩ ಮಿ.ಮೀ. ಆಗಬೇಕು. ಆದುದರಿಂದ ಅಂಗಡಿಯ ಹಳಿಯ ಮೇಲೆ ಭಾರತದ ಗಾಡಿಯನ್ನು ನಿಲ್ಲಿಸಿದರೆ, ನಿಜವಾದ ದಾರಿಯ ಲೆಕ್ಕದಲ್ಲಿ ಹಳಿಗಳು ಒಂದು ಗೇಣಿಗಿಂತಲೂ ಹೆಚ್ಚು ಒಳಕ್ಕೆ ಬಂದಂತಾಗುತ್ತದೆ. ದಪ್ಪ ಮೈಯವರು ಚಿಕ್ಕ ಮಣೆಯ ಮೇಲೆ ಕುಳಿತಂತೆ ಗಾಡಿಯು ಕಾಣಿಸುತ್ತದೆ. ಬಹುಮಂದಿ ಹವ್ಯಾಸಿಗಳು ಇದನ್ನು ಸಹಿಸಿಕೊಂಡಿರುವರು. ಕಣ್ಣು ಬೇಗ ಕ್ಷಮಿಸುತ್ತದೆ.

ಈಗ ನಮ್ಮ ಹಳೆಯ ಮೀಟರ್ ಗೇಜನ್ನು ನೋಡೋಣ. ಸಾವಿರ ಮಿಲಿಮೀಟರನ್ನು ೮೭ರಿಂದ ಭಾಗಿಸಿದರೆ ಹನ್ನೊಂದೂವರೆ. ಇಲ್ಲಿ ಅದೃಷ್ಟವು ಕೊಪ್ಪಳದವರ ಪಕ್ಷದಲ್ಲಿದೆ. ಸ್ವಿಟ್ಜರ್ಲೆಂಡಿನ ಬೆಟ್ಟಗಳ ಸುಪ್ರಸಿದ್ಧ ರೈಲುದಾರಿಗಳಲ್ಲಿ ಕೆಲವು ಒಂದು ಮೀಟರಿನ ಅಂತರದವೇ ಆಗಿರುವುದರಿಂದ, ಅವುಗಳ ಪ್ರತಿಕೃತಿಗಳಿಗಾಗಿ ೧೨ ಮಿ.ಮೀ. ಅಂತರದ ಹಳಿಯು ಬಹುಕಾಲದಿಂದ ಮಾರಾಟದಲ್ಲಿದೆ. ಇಂಗ್ಲೆಂಡಿನ ಪೀಕೋ ಸಂಸ್ಥೆಯವರೂ ಅದನ್ನು ತಯಾರಿಸುತ್ತಾರೆ. ಹಿಮಾಚ್ಛಾದಿತವಾದ ಆಲ್ಪ್ಸ್ ಪರ್ವತದ ಗಾಡಿಗಳಿಗೂ, ಗಿಣಿಗೇರಿಯ ಬಿಸಿಲಿನಲ್ಲಿ ಓಡುತ್ತಿದ್ದ ನಮ್ಮ ಪ್ಯಾಸೆಂಜರಿಗೂ ಹೀಗೊಂದು ದಾಯಾದಿತ್ವವಿರುವುದೆಂದು ನಮಗೂ ಮೊದಲು ತೋಚಿದ್ದಿಲ್ಲ. ಅರ್ಧ ಮಿಲಿಮೀಟರಿನ ವ್ಯತ್ಯಾಸ ಉಳಿಯಿತಷ್ಟೆ. ನಿಜವಾದ ದಾರಿಯಲ್ಲಿ ಅದು ಎರಡು ಬೆರಳಗಲಕ್ಕಿಂತ ತುಸು ಹೆಚ್ಚು.

ಆದರೆ ತಯಾರಾದ ಹಳಿಯಲ್ಲಿ ಸ್ಲೀಪರುಗಳ, ಎಂದರೆ ಹಳಿಯ ಕೆಳಗಿನ ಅಡ್ಡದಿಮ್ಮಿಗಳ, ಅಂತರವು ಸ್ವಿಟ್ಜರ್ಲೆಂಡಿನ ಪದ್ಧತಿಯಂತಿರುವುದು. ಆದುದರಿಂದ ನಮ್ಮ ವಿದ್ಯಾರ್ಥಿಗಳು ಬಿಡಿಹಳಿಯನ್ನು ಮಾತ್ರ ತರಿಸಿ, ದಾರಿಯನ್ನು ತಾವೇ ಕಟ್ಟಬೇಕೆಂದು ನಿಶ್ಚಯಿಸಿದರು. ಈ ಬಿಡಿಹಳಿಯು ‘ನಿಕಲ್ ಸಿಲ್ವರ್’ ಎಂಬ ಲೋಹದ್ದು. ಹೆಸರಿನಲ್ಲಿ ಬೆಳ್ಳಿಯಿದ್ದರೂ ವಸ್ತುವಿನಲ್ಲಿ ಬೆಳ್ಳಿಯಿಲ್ಲ. ತಾಮ್ರ, ಸತು, ನಿಕಲ್ಲುಗಳ ಮಿಶ್ರಣವದು. ಮೃದುವಾದುದರಿಂದ ಪತ್ತಾರರ ಗರಗಸಕ್ಕೆ ಸುಲಭವಾಗಿ ಬಗ್ಗುವುದು, ಬೆಸುಗೆಯನ್ನೂ ಚೆನ್ನಾಗಿ ಹಿಡಿಯುವುದು. ಮೊಬೈಲು, ರೇಡಿಯೋಗಳ ಒಳಗಿರುವಂತಹ, ತಾಮ್ರದ ಪೊರೆಯುಳ್ಳ ಹಲಗೆಯನ್ನು ಸಣ್ಣ ಪಟ್ಟಿಗಳಾಗಿ ಕತ್ತರಿಸಿ ಸ್ಲೀಪರುಗಳನ್ನಾಗಿ ಮಾಡಿ, ಅವುಗಳ ಮೇಲೆ ಹಳಿಯನ್ನು ಬೆಸೆಯುವುದು ಹವ್ಯಾಸಿಗಳಲ್ಲಿ ರೂಢಿಯಾದ ಕ್ರಮ. ಪ್ರತಿಯೊಂದು ಪಟ್ಟಿಯ ನಡುವೆ ಅರದಿಂದ ಒಂದು ಗೀರು ಎಳೆದು ತಾಮ್ರವನ್ನು ತುಂಡರಿಸಬೇಕು. ಇಲ್ಲವಾದರೆ ಒಂದು ಹಳಿಯ ವಿದ್ಯುತ್ತು ಇನ್ನೊಂದಕ್ಕೆ ಹರಿದು ಗಾಡಿಯು ಓಡದು.

ಹೀಗೆ ಬೆಸೆಯುವಾಗ ಎರಡು ಹಳಿಗಳನ್ನು ಸರಿಯಾದ ಅಂತರದಲ್ಲಿ ಹಿಡಿದುಕೊಳ್ಳುವ ಒಂದು ಸಾಧನ ಬೇಕು. ಇದೇ ಹಳಿಯ ಗೇಜು. ಪಟ್ಟಿಯಲ್ಲಿದ್ದ ೩೧ರಲ್ಲಿ ಇದೊಂದು ಮಾತ್ರ ನಮ್ಮ ಪೇಟೆಯಲ್ಲಿ ಯಾವ ಕಸುಬಿನವರ ಹತ್ತಿರವೂ ಇಲ್ಲದ ವಸ್ತು. ಆಶ್ಚರ್ಯವೆಂದರೆ, ಪೆಟ್ಟಿಗೆಯೊಳಗಿನ ಗೇಜು ೧೬.೫ ಮಿ.ಮೀ. ಅಂತರದ್ದು! ಅಷ್ಟು ಹಣ ಕೊಟ್ಟು ತರಿಸಿದ್ದರೆ ಮೂವತ್ತು ಉಪಕರಣಗಳು ಬಂದು, ಬೇಕಾದ ಒಂದು ಮಾತ್ರ ಬಾರದಿರುತ್ತಿತ್ತು.

ನಾವು ಈ ಮಾತನ್ನು ಆಡುತ್ತಿರುವಾಗ, ಅದುವರೆಗೆ ಒರಗುಗುರ್ಚಿಯಲ್ಲಿ ಸುಮ್ಮನೆ ಕುಳಿತಿದ್ದ ವೃದ್ಧರು ಬಾಯಿ ತೆರೆದರು: “ಗ್ಯಾಂಗಿನ್ಯಾಗ ನಮಗ ಮೊದಲ ಕೈಗೆ ಕೊಡತಿದ್ದದ್ದ ಗೇಜರಿ. ಸುತಿಗಿ ಆಮ್ಯಾಲೆ. ತಮ್ಮಾ, ಮೊದಲ ಗೇಜ ಮಾಡಸು.” ನಿಜವಾದ ದಾರಿಯನ್ನು ಕಾಯುವ ಗ್ಯಾಂಗಿನವರು ಎರಡು ಹಳಿಗಳಿಗೆ ಅಡ್ಡಲಾಗಿ ಇಟ್ಟು ಅಂತರವನ್ನು ಪರೀಕ್ಷಿಸುವ ಕಬ್ಬಿಣದ ಗೇಜನ್ನು ಹೊತ್ತುಕೊಂಡೇ ತಿರುಗುತ್ತಿದ್ದರು. ಅಂತರವು ಹೆಚ್ಚಿದರೆ ಗಾಲಿಯು ಹಳಿಯ ಒಳಗೆ ಬೀಳುವುದು. ಕಡಿಮೆಯಾದರೆ ಗಾಲಿಯ ಏಣು ಹಳಿಯ ಮೇಲೇರುವುದು. ಹಲಗೆಯ ಮೇಲಣ ಪುಟ್ಟ ದಾರಿಗೂ ಇದೇ ಧರ್ಮ.

ಗೇಜನ್ನು ಮಾಡಿಕೊಟ್ಟವರು ಗಂಗಾವತಿಯ ಪತ್ತಾರರೊಬ್ಬರು. ಮೂರು ಮಿ.ಮೀ. ದಪ್ಪದ ಹಿತ್ತಾಳೆಯ ತುಂಡಿನಲ್ಲಿ ಹಳಿಯ ತಲೆಯು ಕುಳಿತುಕೊಳ್ಳುವಂತೆ ಎರಡು ಕಚ್ಚುಗಳನ್ನು ಕೊರೆದು, ಅವುಗಳ ಒಳಮೈಗಳ ನಡುವೆ ಸರಿಯಾಗಿ ೧೨ ಮಿ.ಮೀ. ಉಳಿಯುವವರೆಗೆ ಅರದಿಂದ ಉಜ್ಜಿದರು. ಹೀಗೆ ಮೂರು ತುಂಡುಗಳು. ಒಂದೇ ಸಾಲದೆಂಬುದನ್ನು ವಾಚಕರು ಗಮನಿಸಬೇಕು. ಹಳಿಯ ಎರಡು ತುದಿಗಳಲ್ಲಿ ಎರಡನ್ನೂ, ಬೆಸುಗೆ ಹಾಕುವ ಸ್ಥಳದ ಹತ್ತಿರ ಮೂರನೆಯದನ್ನೂ ಇಟ್ಟರೆ ಮಾತ್ರ ಹಳಿಯು ಬಿಸಿಗೆ ಜರುಗುವುದಿಲ್ಲ. ತೀವ್ರವಾದ ತಿರುವಿನಲ್ಲಿ ಅಂತರವು ಕೂದಲೆಳೆಯಷ್ಟು ಹೆಚ್ಚಿರಬೇಕಾಗುವುದು, ಅದಕ್ಕೆ ಬೇರೊಂದು ತುಂಡು. ಚಿನ್ನವನ್ನು ಗುಂಜಿಯ ತೂಕದಲ್ಲಿ ನೋಡುವವರಿಗೆ ಮಿಲಿಮೀಟರಿನ ಹತ್ತನೆಯ ಭಾಗವು ದೊಡ್ಡ ಮಾತಲ್ಲ. ಅವರು ಕೇಳಿದ ಮಜೂರಿಯು ಅಂಗಡಿಯ ಗೇಜಿನ ಅಂಚೆವೆಚ್ಚಕ್ಕಿಂತಲೂ ಕಡಿಮೆಯಾಗಿದ್ದಿತು.

ಆದರೆ ಪತ್ತಾರರು ಮಾಡಿದ ಗೇಜು ಸರಿಯಾಗಿದೆಯೆಂದು ನೋಡುವ ಬಗೆ ಯಾವುದು? ಇಲ್ಲಿ ಮಾತ್ರ ಹಣವನ್ನು ಹಿಡಿಯಬಾರದು. ವರ್ನಿಯರ್ ಕ್ಯಾಲಿಪರ್ ಎಂಬ ಅಳತೆಯ ಯಂತ್ರವನ್ನು ಒಳ್ಳೆಯದನ್ನೇ ಕೊಳ್ಳತಕ್ಕದ್ದು. ೧೬೩೧ರಲ್ಲಿ ಪಿಯೇರ್ ವರ್ನಿಯೇ ಎಂಬ ಫ್ರೆಂಚ್ ಗಣಿತಜ್ಞನು, ಮುಖ್ಯ ಅಳತೆಪಟ್ಟಿಯ ಪಕ್ಕದಲ್ಲಿ ಜಾರುವ ಇನ್ನೊಂದು ಚಿಕ್ಕ ಪಟ್ಟಿಯಿಂದ ಅಂಶದ ಅಂಶವನ್ನು ಓದುವ ಉಪಾಯವನ್ನು ಪ್ರಕಟಿಸಿದನು. ಹೈಸ್ಕೂಲಿನ ಪ್ರಯೋಗಶಾಲೆಯಲ್ಲಿ ಇದನ್ನು ಹಿಡಿದ ವಾಚಕರು ಬಹುಮಂದಿ ಇರಬಹುದು. ಅಂಕಿಗಳು ತಾವೇ ಮೂಡುವ ಬ್ಯಾಟರಿಯ ಕ್ಯಾಲಿಪರುಗಳೂ ಈಗ ಬಂದಿವೆ. ಅವು ಅನುಕೂಲವೇ; ಆದರೆ ಕೊಳ್ಳುವಾಗ ದವಡೆಗಳನ್ನು ಮುಚ್ಚಿ ಬೆಳಕಿಗೆ ಹಿಡಿದು ನೋಡಬೇಕು. ಮುಚ್ಚಿದ ದವಡೆಗಳ ನಡುವೆ ಬೆಳಕು ಕಂಡರೆ ಅದನ್ನು ಅಂಗಡಿಯಲ್ಲಿಯೇ ಬಿಟ್ಟು ಬರತಕ್ಕದ್ದು. ಗಾಡಿಯ ಗಾಲಿಗಳ ಒಳಮೈಗಳ ನಡುವಣ ಅಂತರವನ್ನೂ ಇದರಿಂದಲೇ ಅಳೆಯಬೇಕು. ೧೬.೫ ಮಿ.ಮೀ. ಹಳಿಗೆ ಅದು ಸುಮಾರು ಹದಿನಾಲ್ಕೂವರೆ ಇರುವುದು; ಗಾಡಿಯು ಸಾರಿಸಾರಿಗೆ ಹಳಿ ತಪ್ಪುತ್ತಿದ್ದರೆ ಹೆಚ್ಚಾಗಿ ದೋಷವು ಇಲ್ಲಿಯೇ ಇರುತ್ತದೆ.

ಉಳಿದ ಸಾಮಾನುಗಳ ವಿಷಯವನ್ನು ಬೇಗನೆ ಮುಗಿಸಬಹುದು. ಹಳಿಯನ್ನು ಕತ್ತರಿಸುವ ಇಕ್ಕಳದ ಬಾಯಿ ಒಂದು ಪಕ್ಕಕ್ಕೆ ಚಪ್ಪಟೆಯಾಗಿರಬೇಕು, ಆ ಚಪ್ಪಟೆಯ ಪಕ್ಕವನ್ನು ನಾವು ಉಳಿಸಿಕೊಳ್ಳುವ ತುಂಡಿನ ಕಡೆಗೆ ಹಿಡಿಯಬೇಕು. ಅದರಿಂದ ಉಕ್ಕಿನ ತಂತಿಯನ್ನು ಒಮ್ಮೆ ಕತ್ತರಿಸಿದರೂ ಸಾಕು, ಬಾಯಿ ಹಲ್ಲುಬಿದ್ದು ಹೋಗುತ್ತದೆ. ಮನೆಯವರು ಯಾರೂ ಅದನ್ನು ಬೇರೆ ಕೆಲಸಕ್ಕೆ ಮುಟ್ಟದಂತೆ ಎಚ್ಚರಿಕೆ ಬೇಕು. ಅರಗಳಲ್ಲಿ ಚಪ್ಪಟೆ, ದುಂಡು, ಮುಮ್ಮೂಲೆ ಈ ಮೂರು ಸಾಕು. ಹನ್ನೆರಡರ ಕಟ್ಟು ಬೇಡ. ಬೆಸುಗೆಯ ಮೇಲೆ ಉಜ್ಜಿದ ಅರದ ಹಲ್ಲುಗಳಲ್ಲಿ ತವರ ತುಂಬಿಕೊಳ್ಳುವುದರಿಂದ ಅದಕ್ಕಾಗಿ ಒಂದು ಹಳೆಯ ಅರವನ್ನು ಬೇರೆಯಾಗಿ ಇಡುವುದು ಲೇಸು. ಬೆರಳುಗಳ ನಡುವೆ ಹೊರಳಿಸುವ ಕೈಬೈರಿಗೆಯು ಬೇಕೇ ಬೇಕು. ಆದರೆ ಅರ್ಧ ಮಿಲಿಮೀಟರಿನ ಬೈರಿಗೆಯ ಮುಳ್ಳುಗಳು ಹಪ್ಪಳದಂತೆ ಮುರಿಯುವುವು. ಆದುದರಿಂದ ಬೈರಿಗೆ ಒಂದಾದರೆ ಮುಳ್ಳುಗಳು ಹತ್ತಿರಲಿ. ವಿದ್ಯುತ್ತಿನ ಬೈರಿಗೆಯು ಪಟ್ಟಿಯಲ್ಲಿ ಎಲ್ಲಕ್ಕಿಂತ ತುಟ್ಟಿಯದಾಗಿದ್ದಿತು. ಅದನ್ನು ನಾವು ಯಾವ ದಾಕ್ಷಿಣ್ಯವೂ ಇಲ್ಲದೆ ಹೊಡೆದುಹಾಕಿದೆವು. ಹೊಸಗಾರರ ಕೈಯಲ್ಲಿ ಅದು ಮುಳ್ಳನ್ನೂ ವಸ್ತುವನ್ನೂ ಕೂಡಿಯೇ ಕೆಡಿಸುವುದು.

ವ್ಯಾಕರಣದಲ್ಲಿ ಕ್ರಿಯೆಯ ಸಿದ್ಧಿಗೆ ಅತ್ಯಂತ ನಿಕಟವಾದ ಸಾಧನಕ್ಕೆ ‘ಕರಣ’ವೆಂದು ಹೆಸರು. ಕಸುಬಿನವರ ಸಾಮಾನಿಗೆ ನಾವು ‘ಉಪ’ವೆಂಬುದನ್ನು ಸೇರಿಸಿ ಉಪಕರಣವೆನ್ನುತ್ತೇವೆ, ಕರಣವಾದ ಕೈಗೆ ಅದು ಹತ್ತಿರ ನಿಲ್ಲತಕ್ಕದ್ದು, ಕೈಯ ಸ್ಥಾನವನ್ನು ಆಕ್ರಮಿಸತಕ್ಕದ್ದಲ್ಲ. ಪೆಟ್ಟಿಗೆಗಳನ್ನು ಮಾರುವವರಿಗೆ ಈ ವ್ಯಾಕರಣವು ರುಚಿಸದು.

ಮನೆಯವರೆಲ್ಲರೂ ತಿಳಿದಿರಬೇಕಾದ ಒಂದು ಸಂಗತಿಯು ಬೆಸುಗೆಯದು. ಸಾಮಾನ್ಯವಾಗಿ ದೊರೆಯುವ ಬೆಸುಗೆಯ ತಂತಿಯಲ್ಲಿ ನೂರಕ್ಕೆ ಅರವತ್ತು ಪಾಲು ತವರವೂ ನಾಲ್ವತ್ತು ಪಾಲು ಸೀಸವೂ ಇರುತ್ತವೆ. ೧೯೦ ಸೆಂಟಿಗ್ರೇಡಿನೊಳಗೆ ಅದು ಕರಗಿಬಿಡುವುದು. ಸೀಸವು ಮಕ್ಕಳ ಬುದ್ಧಿಯ ಬೆಳವಣಿಗೆಗೆ ವಿಷಪ್ರಾಯವಾದುದು. ಆದಕಾರಣ ಈ ಕೆಲಸವನ್ನು ಅಡುಗೆಮನೆಯಲ್ಲಿಯೂ ಊಟದ ಮಣೆಯ ಮೇಲೂ ಮಾಡಬಾರದು; ಕಿಟಕಿಯ ಹತ್ತಿರ ಗಾಳಿಯಾಡುವ ಕಡೆ ಮಾಡಿ, ಕೈಗಳನ್ನು ಸಾಬೂನಿನಿಂದ ತೊಳೆದೇ ಮಕ್ಕಳನ್ನು ಮುಟ್ಟಬೇಕು. ಸೀಸವಿಲ್ಲದ ತಂತಿಯೂ ದೊರೆಯುತ್ತದೆ. ಅದು ಕರಗಲು ಇನ್ನೂ ಮೂವತ್ತು ನಾಲ್ವತ್ತು ಡಿಗ್ರಿ ಹೆಚ್ಚು ಬಿಸಿ ಬೇಕು, ಬೆಲೆಯೂ ಹೆಚ್ಚು. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಆ ಹೆಚ್ಚಿನ ಬೆಲೆಯು ವ್ಯರ್ಥವಲ್ಲ. ವೃದ್ಧರು ಬೆರಳಿನಿಂದ ಸವರುವ ದಾರಿ ಇದಾದುದರಿಂದ ನಮ್ಮ ವಿದ್ಯಾರ್ಥಿಗಳು ಆ ತಂತಿಯನ್ನೇ ತಂದರು. ಹಚ್ಚುವ ರಾಳವು ಮರದ ರಾಳವೇ ಆಗಿರಲಿ. ಕೊಳಾಯಿಯ ಕೆಲಸದವರ ಆಮ್ಲವನ್ನು ಹಚ್ಚಿದರೆ ಹಳಿಯು ಕೆಲವೇ ತಿಂಗಳಲ್ಲಿ ಹಸಿರು ಹಿಡಿಯುವುದು.

ನಿಲ್ದಾಣದ ಹಿಂದಣ ಕಲ್ಲುಗುಡ್ಡಗಳನ್ನು ಮಾಡುವ ಬಗೆಗೆ ಪೆಟ್ಟಿಗೆಯವರ ಪಟ್ಟಿಯಲ್ಲಿ ಏಳೆಂಟು ಸಾಮಾನುಗಳಿದ್ದುವು. ಕಿನ್ನಾಳವನ್ನು ಹತ್ತಿರದಲ್ಲಿಟ್ಟುಕೊಂಡು ಅವನ್ನು ಪರದೇಶದಿಂದ ತರಿಸುವುದು ಗಂಗೆಯ ದಡದಲ್ಲಿ ಬಾವಿ ತೋಡಿದಂತೆ. ಅಲ್ಲಿಯ ಚಿತ್ರಗಾರರು ಹಗುರವಾದ ಮರದಿಂದ ಬೊಂಬೆಯ ಅಂಗಗಳನ್ನು ಕೆತ್ತಿ, ಹುಣಿಸೆ ಬೀಜದ ಸರಿಯಿಂದ ಕೂಡಿಸುತ್ತಾರೆ. ಸೆಣಬಿನ ಚಿಂದಿಯನ್ನು ನೆನೆಯಿಸಿ, ಒಣಗಿಸಿ, ಪುಡಿಮಾಡಿ, ಮರದ ಹೊಟ್ಟು ಹಾಗೂ ಹುಣಿಸೆ ಬೀಜದ ಸರಿಯೊಡನೆ ಕಲಸಿ ‘ಕಿಟ್ಟ’ವೆಂಬ ಮುದ್ದೆಯನ್ನು ಮಾಡುತ್ತಾರೆ, ಬೆಣಚುಕಲ್ಲಿನ ಪುಡಿಯನ್ನು ಅಂಟಿನಲ್ಲಿ ಕಲಸಿ ಉಬ್ಬುಕೆಲಸಕ್ಕೆ ಬಳಸುತ್ತಾರೆ. ಕೊಪ್ಪಳದ ಬಂಡೆಗಳ ಒರಟುತನವನ್ನು ಮೂಡಿಸಲು ಇದಕ್ಕಿಂತ ಉಚಿತವಾದ ಸಾಮಗ್ರಿಯನ್ನು ನಾವು ಕಂಡಿಲ್ಲ. ಒಣಗಿದ ಮೇಲೆ ಮುಟ್ಟಿದರೆ ಕೈಗೆ ಕಲ್ಲಿನಂತೆಯೇ ಹತ್ತುವುದು. 

ಅಂತೂ ೩೧ರ ಪಟ್ಟಿಯಲ್ಲಿ ಮನೆಯಲ್ಲಿಯೇ ಇದ್ದವು, ನೆರೆಯವರಿಂದ ಎರವಲು ತರಬಹುದಾದುವು ಏಳು, ಗಂಗಾವತಿ ಕೊಪ್ಪಳಗಳ ಪೇಟೆಯಲ್ಲಿ ಕೊಂಡುವು ಹನ್ನೊಂದು, ಮಾಡಿಸಿದ್ದು ಗೇಜೊಂದು, ಹೊಡೆದುಹಾಕಿದುವು ಹನ್ನೆರಡು. ಮೊದಲಿನ ಮೊತ್ತದ ಐದರಲ್ಲಿ ಒಂದು ಪಾಲು ವೆಚ್ಚವಾಯಿತು. ಮಗಳ ಫೀ ಆ ವಾರದಲ್ಲಿಯೇ ಸಂದಾಯವಾಯಿತೆಂದು ಗೃಹಿಣಿಯವರು ನಮಗೆ ತಿಳಿಸಿದರು. ಇಂಜಿನ್ನಿನ ಮಾತು ಬೇರೆ. ನಮ್ಮ ದೇಶದಲ್ಲಿ ಆಟಿಕೆಗಳ ಆಮದಿನ ಸುಂಕವು ೨೦೨೦ರಲ್ಲಿ ನೂರಕ್ಕೆ ೨೦ರಿಂದ ೬೦ಕ್ಕೂ, ೨೦೨೩ರಲ್ಲಿ ೭೦ಕ್ಕೂ ಏರಿತು. ಹೊರಗಿನಿಂದ ಇಂಜಿನ್ನನ್ನು ತರಿಸುವವರು ಇದನ್ನು ಲೆಕ್ಕಕ್ಕೆ ಹಿಡಿದೇ ಮುಂದುವರಿಯಬೇಕು. ನಮ್ಮ ವಿದ್ಯಾರ್ಥಿಗಳು ಸದ್ಯಕ್ಕೆ ಮರದಲ್ಲಿಯೇ ಕೆತ್ತಿದ, ತಾನಾಗಿ ಓಡದ ಗಾಡಿಯೊಂದನ್ನು ನಿಲ್ಲಿಸುವವರಿರುತ್ತಾರೆ.

ಮೊದಲ ಎರಡಡಿಯ ದಾರಿಯು ಸಿದ್ಧವಾದ ದಿನ ನಾವೂ ಅಲ್ಲಿದ್ದೆವು. ಸ್ಲೀಪರುಗಳೆಲ್ಲ ಕ್ಯಾಲಿಪರಿನಿಂದ ಅಳೆದು ಸಮಾಂತರದಲ್ಲಿ ಕೂಡಿಸಿದವು. ನೋಡಲು ಬಹಳ ಅಚ್ಚುಕಟ್ಟಾಗಿದ್ದುವು. ಮೀಟರ್ ಗೇಜಿನ ಹಳಿಯ ತುಂಡು ೧೨ ಮೀಟರು ಉದ್ದವಿರುತ್ತಿದ್ದುದರಿಂದ ೧೩೮ ಮಿ.ಮೀ.ಗೊಂದು ಜೋಡಿನ ಗುರುತನ್ನೂ ಮಗನು ಕೊರೆದಿದ್ದರು. ತಂದೆಯವರು ತೋರುಬೆರಳು ನಡುಬೆರಳುಗಳನ್ನು ಎರಡು ಹಳಿಗಳ ಮೇಲಿಟ್ಟು ಮೆಲ್ಲನೆ ಸರಿಸುತ್ತ ಹೋದರು. “ಗೇಜ ಬರೋಬರಿ ಐತಿ” ಎಂದರು. ಜೋಡಿನ ಗುರುತಿಗೆ ಬಂದು ಬೆರಳು ನಿಂತಿತು. ಹಿಂದಕ್ಕೆ ಹೋಯಿತು, ಮತ್ತೆ ಬಂದಿತು. “ತಮ್ಮಾ, ಜೋಡಿನ ಹತ್ತರ ಸ್ಲೀಪರ ಒತ್ತಾಗಿರಬೇಕು. ಎಲ್ಲಾ ಕಡೆ ಒಂದs ಅಳತಿ ಇಟ್ರ ಜೋಡು ಕುಸೀತೈತಿ, ಗಾಡಿ ಜಿಗೀತೈತಿ.” ಅದು ಸತ್ಯವಾದ ಮಾತು. ಹಳಿಯ ಎರಡು ತುಂಡುಗಳು ಕೂಡುವಲ್ಲಿ ದಾರಿಯು ದುರ್ಬಲವಾಗಿರುವುದರಿಂದ ಅಲ್ಲಿ ಸ್ಲೀಪರುಗಳನ್ನು ಹತ್ತಿರ ಹತ್ತಿರ ಹಾಕುವುದು ರೈಲುದಾರಿಯ ಪದ್ಧತಿ. ಅಂಗಡಿಯ ಹಳಿಗಳಲ್ಲಿ ಇದು ಕಾಣಸಿಗುವುದು ಅಪೂರ್ವ. ನಾವು ಓದಿದ ಪುಸ್ತಕಗಳಲ್ಲಿಯೂ ಇದರ ಮಾತು ಬಂದಿರಲಿಲ್ಲ. ಮಗನು ಏನೂ ಹೇಳದೆ ಬೆಸುಗೆಯ ಕಡ್ಡಿಯನ್ನು ಬಿಸಿಗಿಟ್ಟು, ಜೋಡಿನ ಎರಡು ಪಕ್ಕದ ಸ್ಲೀಪರುಗಳನ್ನು ಬಿಡಿಸತೊಡಗಿದರು. ತಂದೆಯವರು ಎಷ್ಟು ಒತ್ತಾಗಿರಬೇಕೆಂಬುದನ್ನು ತಮ್ಮ ಹೆಬ್ಬೆರಳಿನ ಉಗುರಿನಿಂದ ತೋರಿಸಿದರು. ಕ್ಯಾಲಿಪರಿನಿಂದ ಆ ಉಗುರಿನ ಅಗಲವನ್ನು ಅಳೆದು ಬರೆದುಕೊಳ್ಳುವ ಕೆಲಸವು ನಮ್ಮ ಪಾಲಿಗೆ ಬಂದಿತು.

ಕೊಂಡ ಸಾಮಾನುಗಳನ್ನು ಇಡುವುದಕ್ಕೆ ವಿಶೇಷವಾದ ಪೆಟ್ಟಿಗೆಯೇನೂ ಬೇಕಾಗಿಲ್ಲ. ಮಸಾಲೆ ಡಬ್ಬಿಯಂತಹ ತಗಡಿನ ಡಬ್ಬಿಯಲ್ಲಿ ಅರಗಳನ್ನು ಒಂದಕ್ಕೊಂದು ತಾಗದಂತೆ ಬಟ್ಟೆಯಲ್ಲಿ ಸುತ್ತಿಡಬೇಕು. ತಾಗಿದರೆ ಹಲ್ಲು ಮೊಂಡಾಗುವುವು. ಮಳೆಗಾಲದಲ್ಲಿ ಉಕ್ಕಿನ ಸಾಮಾನಿಗೆ ಹೊಲಿಗೆಯಂತ್ರದ ಎಣ್ಣೆಯನ್ನು ಸವರಿಡುವುದು ಸಾಕು. ಚಾಕುವಿನ ಸವೆದ ಅಲಗುಗಳನ್ನು ಕಸದ ಬುಟ್ಟಿಗೆ ಹಾಗೆಯೇ ಎಸೆಯಬಾರದು, ಕಸ ಒಯ್ಯುವವರ ಕೈಗೆ ತಾಗುವುದು. ಮುಚ್ಚಳವುಳ್ಳ ಹಳೆಯ ಔಷಧದ ಸೀಸೆಯೊಂದರಲ್ಲಿ ಕೂಡಿಹಾಕಿ, ತುಂಬಿದ ಮೇಲೆ ಹಳೆಯ ಕಬ್ಬಿಣ ಕೊಳ್ಳುವವರಿಗೆ ತಿಳಿಸಿ ಕೊಡತಕ್ಕದ್ದು. ಕ್ಯಾಲಿಪರನ್ನು ಮಾತ್ರ ಉಳಿದವುಗಳೊಡನೆ ಇಡದೆ ಕಪಾಟಿನ ಮೇಲಣ ಅರೆಯಲ್ಲಿ ಬೇರೆಯಾಗಿ ಇಡಬೇಕು.